ಮೂರನೆಯ ಸಲ

ಸುರೇಶಕುಮಾರ ಮಾಸ್ತರನ ತಾಪತ್ರಯ ಶುರುವಾದದ್ದು ‘ದೀನತೆ’ ಎಂಬ ಒಂದೇ ಶಬ್ದದಿಂದ.

ಅವನು ವಾಡಿಯ ಒಂದು ಮಿಶನ್ ಶಾಲೆಯ ಗಣಿತದ ಮಾಸ್ತರ. ಆ ವರ್ಷವೇ ಮಂಗಳೂರಿನಿಂದ ಬಂದ ಮುಖ್ಯೋಪಾಧ್ಯಾಯ ಫಾದರ್ ಸಿಪ್ರಿಯನ್, ತಿಂಗಳಿಗೊಂದು ಕ್ರೈಸ್ತ ಸದ್ಗುಣವನ್ನು ಬಾಗಿಲ ಬಳಿಯ ಹಲಗೆಯ ಮೇಲೆ ಬರೆಸುತ್ತಿದ್ದರು. ಮಕ್ಕಳು ಅರಳಬೇಕಾದರೆ ಮೊದಲು ಮಾಸ್ತರರು ಅರಳಬೇಕಂತೆ. ಸಹನೆಯ ತಿಂಗಳಲ್ಲಿ ಯಾರೂ ಮಕ್ಕಳನ್ನು ಗದರಲಿಲ್ಲ. ಮುಂದಿನ ತಿಂಗಳು ಬಡ್ಡಿ ಸಮೇತ ಗದರಿದರು. ಕ್ಷಮೆಯ ತಿಂಗಳಲ್ಲಿ ಎಲ್ಲರೂ ತಡವಾಗಿ ಬಂದರು. ಈಗ ದೀನತೆ. ಸ್ಟಾಫ್‌ರೂಮಿನಲ್ಲಿ ಫ್ಯಾನಿನ ಕೆಳಗಿನ ಕುರ್ಚಿ ಖಾಲಿ ಬಿದ್ದಿತ್ತು. ಎಲ್ಲರೂ “ನೀವು ಕುಂದ್ರಿ, ನೀವು ಕುಂದ್ರಿ” ಎನ್ನುತ್ತ ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು.

ಉಪಮುಖ್ಯೋಪಾಧ್ಯಾಯರ ಜಾಗ ಖಾಲಿಯಾಗಿತ್ತು. ಸುರೇಶಕುಮಾರನಿಗೆ ಅದರ ಗೌರವ ಬೇಕಿರಲಿಲ್ಲ. ಆ ಜಾಗದವರಿಗೆ ಸ್ಕೂಲ್ ಬಸ್ಸಿನ ಡ್ಯೂಟಿ ಇರಲಿಲ್ಲ, ಅಷ್ಟೇ! ದಿನಾ ಶಹಾಬಾದಿನ ಬಸ್ಸಿನಲ್ಲಿ, ಫರಸಿ ಕಲ್ಲಿನ ಲಾರಿಗಳ ಹಿಂದೆ ಧೂಳು ಕುಡಿಯುತ್ತ ಅವನು ಮಕ್ಕಳನ್ನು ಕರೆತರಬೇಕು. ಆ ಬೆಳಿಗ್ಗೆಯೂ ಒಂದು ಕೂಸು ಅವನ ಇಸ್ತ್ರಿ ಪ್ಯಾಂಟಿನ ಮೇಲೆ ತಿಂದ ಚುರುಮುರಿ ಸುಸಲಾ ಎಲ್ಲ ಕಕ್ಕಿತ್ತು.

“ಹಿಂಗೇ ನಡೆದ್ರ ನಾ ಸತ್ತೇ ಹೋಗ್ತೀನ್ರಿ,” ಎಂದು ಪ್ಯಾಂಟು ತೊಳೆಯುತ್ತ ಗೋಳಾಡಿದ.

ಕನ್ನಡದ ಭೀಮಬಾಯಿ ಟೀಚರ್ ಚಿತ್ತಾಪುರದ ಬಸ್ಸಿನ ಡ್ಯೂಟಿ ಮುಗಿಸಿ ಆಗ ತಾನೇ ಬಂದಿದ್ದಳು. “ಸರ, ಇವತ್ತ ಫಾದರ್ ನಿಮ್ಮನ್ನ ಕರೀತಾರಂತ. ಒಮ್ಮಿಗೇ ಹೂಂ ಅನಬ್ಯಾಡ್ರಿ ಮತ್ತ! ಬೀಗರ ಮನ್ಯಾಗ ಹೋಳಿಗಿ ನೀಡಾಕ ಬಂದ್ರ ಏನ್ ಮಾಡ್ತೀವಿ? ಎರಡು ಸಲ ಬ್ಯಾಡ ಅಂತೀವಿ, ಮೂರನೇ ಸಲಕ್ಕ ಗಂಗಾಳ ಮುಂದ ಸರಸ್ತೀವಿ.”

“ಬಿಲ್ಕುಲ್ ಖರೇ,” ಎಂದ ಪಿ.ಟಿ. ಮಾಸ್ತರ ಶೌಕತ ಅಲಿ. “ಕಣ್ಣಾಗ ಥೋಡೆ ನೀರೂ ತರ್ರಿ.”

ಮಧ್ಯಾಹ್ನ ಊಟಕ್ಕೆ ಕೂತಾಗ ಸುರೇಶಕುಮಾರ ಶೌಕತ ಅಲಿಯ ಡಬ್ಬಿಯ ಮುಂದೆಯೇ ತಾಲೀಮು ಮಾಡಿದ. ಎರಡು ಸಲ ಬ್ಯಾಡ ಅಂದ. ಮೂರನೆಯ ಸಲಕ್ಕೆ ಡಬ್ಬಿಯ ಅರ್ಧ ಬಿರಿಯಾನಿ ಅವನ ತಾಟಿಗೆ ಬಿತ್ತು. ಧೈರ್ಯ ಬಂತು.

ಫಾದರ್ ಕರೆಸಿದರು. “ಚಹಾ ಕುಡಿಯುತ್ತೀರಾ?”

“ಬ್ಯಾಡ್ರಿ ಫಾದರ್.”

ಫಾದರ್ ಅವನಿಗೆಂದು ತರಿಸಿದ್ದ ಕಪ್ಪನ್ನೂ ತಾವೇ ಕುಡಿದರು. ಅವರಿಗೆ ಚಹಾದ ಮೇಲೆ ಭಾಳ ಆಸೆ ಇರಬೇಕು ಎಂದುಕೊಂಡ ಸುರೇಶಕುಮಾರ.

“ಉಪಮುಖ್ಯೋಪಾಧ್ಯಾಯರು ನೀವೇ ಆಗಬೇಕೆಂದು ನನ್ನ ಆಸೆ. ಆಗಬಹುದಾ?”

ಸುರೇಶಕುಮಾರ ಎರಡೂ ಕೈ ಮುಗಿದ. “ಅಯ್ಯ, ನನ್ನಂಥಾವಂಗ ಎದಕ್ಕರಿ ಅಷ್ಟು ದೊಡ್ಡ ಕುರ್ಚಿ? ಬ್ಯಾಡ್ರಿ.”

“ಖಂಡಿತ ಬೇಡವಾ?”

“ಖಂಡಿತ ಬ್ಯಾಡ್ರಿ. ಮಕ್ಕಳ ಸೇವಾ ಒಂದಿದ್ರ ಸಾಕು ನನಗ.”

ಮೂರನೆಯ ಸಲಕ್ಕೆಂದು ಅವನು ತಲೆ ಬಗ್ಗಿಸಿ ಕಣ್ಣಲ್ಲಿ ನೀರು ತಂದುಕೊಂಡು ನಿಂತ. ಫಾದರ್ ಎದ್ದು ಬಂದು ಅಪ್ಪಿಕೊಂಡರು.

“ಎಂಥ ದೀನತೆ ಮಾರಾಯ್ರೆ! ಇನ್ನು ನಿಮ್ಮನ್ನು ಒತ್ತಾಯಿಸಿದರೆ ಪಾಪ ಬರ್ತದೆ. ಆಯ್ತು, ಭೀಮಬಾಯಿ ಟೀಚರನ್ನು ಕಳಿಸಿ.”

ಭೀಮಬಾಯಿ ಒಳಗೆ ಹೋದಳು. ಫಾದರ್ ಮಾತು ಮುಗಿಸುವ ಮೊದಲೇ “ಹೂಂ ರೀ ಫಾದರ್!” ಎಂಬ ದನಿ ಅಂಗಳದವರೆಗೂ ಕೇಳಿಸಿತು.

“ಎರಡು ಸಲ ಬ್ಯಾಡ ಅನ್ನಬೇಕಂತ ನೀವೇ ಹೇಳಿದ್ರಲ್ರೀ ಟೀಚರ್!” ಎಂದು ಅವಳು ಹೊರಗೆ ಬರುತ್ತಲೇ ಸುರೇಶಕುಮಾರ ಕಿರುಚಿದ.

“ನಾನೂ ಅನ್ನಾಕೇ ಇದ್ದೆ ಸರ. ಬಾಯಿ ಕೇಳಬೇಕಲ್ಲ?”

ಅವನಿಗೆ ಮೈಯೆಲ್ಲ ಉರಿಯಿತು. ದೀನತೆ ಹಾಳಾಗಿ ಹೋಗಲಿ, ಇನ್ನು ಯಾರು ಏನು ಕೇಳಿದರೂ ಮೊದಲ ಸಲಕ್ಕೇ ಹೂಂ ಎನ್ನುವುದೆಂದು ಆಣೆ ಮಾಡಿದ.

ಶಾಲೆ ಬಿಡುವಾಗ ಫಾದರ್ ಓಡಿ ಬಂದರು. “ಸುರೇಶಕುಮಾರ್, ಇನ್ನೊಂದು ಸಲ ನಿಮ್ಮನ್ನೇ ಕೇಳುವ ಅಂತ...”

ಮೂರನೆಯ ಸಲ! ಕಡೆಗೂ ಬಂತು!

“ಹೂಂ ರೀ ಫಾದರ್! ಖಂಡಿತ ಮಾಡ್ತೀನ್ರಿ!”

“ದೇವರು ದೊಡ್ಡವನು! ಭೀಮಬಾಯಿ ಟೀಚರಿಗೆ ಇನ್ನು ಬಸ್ ಡ್ಯೂಟಿ ಇಲ್ಲವಲ್ಲ? ಶಹಾಬಾದಿನ ಮಕ್ಕಳನ್ನು ಬಿಟ್ಟು ಬಂದ ಮೇಲೆ ಅವರ ಚಿತ್ತಾಪುರದ ಬಸ್ಸೂ ನಿಮ್ಮದೇ.”

ಸಂಜೆ ಚಿತ್ತಾಪುರದ ಬಸ್ಸು ಊರು ದಾಟಿತ್ತಷ್ಟೇ. ಪಕ್ಕದಲ್ಲಿ ಕೂತಿದ್ದ ಪುಟ್ಟ ಮಹೆವಿಶ ಅವನ ಅಂಗಿ ಜಗ್ಗಿದಳು.

“ಸರ, ಹೊಟ್ಟ್ಯಾಗ ಹೆಂಗೋ ಆಗ್ಲಿಕತ್ತದರಿ.”

“ಬ್ಯಾಡವ್ವ, ಬ್ಯಾಡ!” ಎಂದ ಸುರೇಶಕುಮಾರ.

ಅವಳು ಮೂರನೆಯ ಸಲಕ್ಕೆ ಕಾಯಲಿಲ್ಲ.