ನೂರ ನಲವತ್ತೆರಡು ಮೆಟ್ಟಿಲು

"ಇಲ್ಲೇ ಅಂದ್ರೆ ಎಲ್ಲಿ? ಸ್ವಲ್ಪ ಅಂದ್ರೆ ಎಷ್ಟು? ಮೇಲೆ ಅಂದ್ರೆ ಯಾವ ಮೇಲೆ?"

ದೋನ್ಯಾ ಕಾಸಿಲ್ದಾ ಗಂಡನ ಮೇಲೆ ಹೀಗೆ ಹರಿಹಾಯ್ದಾಗಲೆಲ್ಲ ನಾನು ಹೊಲಿಗೆಯಂತ್ರ ನಿಲ್ಲಿಸುತ್ತೇನೆ. ಲಾ ಪಾಸ್‌ನ ಬೆಟ್ಟದ ಇಳಿಜಾರಿನ ನಮ್ಮ ಮೆಟ್ಟಿಲುಬೀದಿಯಲ್ಲಿ ಅವರದೂ ನನ್ನದೂ ಎದುರುಬದುರು ಬಾಗಿಲು. ಕಿವಿ ಮುಚ್ಚಿಕೊಂಡು ಕೂರಲು ನಾನೇನು ಸನ್ಯಾಸಿನಿಯೇ? ಅವತ್ತು ಅವಳ ಕೈಯಲ್ಲಿ ಭಾಷಾಶಾಲೆಯ ಕಾಗದವಿತ್ತು. ಸ್ಪ್ಯಾನಿಷ್ ಕಲಿಯಲು ಹಾಲೆಂಡಿನಿಂದ ಲೀಸ್‌ಬೆತ್ ಎಂಬ ಹುಡುಗಿ ಮಧ್ಯಾಹ್ನ ಮೂರಕ್ಕೆ ಬಂದು ಇವರ ಮನೆಯಲ್ಲಿ ಇಳಿಯುವವಳಿದ್ದಳು. ಕಾಗದ ತುಂಬಿದ್ದು ದೋನ್ ನಿಕಾನೋರ್, ಮೂವತ್ತು ವರ್ಷ ಮಿನಿಬಸ್ ಓಡಿಸಿದ ಮಹಾನುಭಾವ.

ಕಾಸಿಲ್ದಾ: 'ರಸ್ತೆಯಿಂದ ಮನೆ ಎಷ್ಟು ದೂರ' ಅಂತ ಕೇಳಿದಾರೆ. ನೀನು 'ಇಲ್ಲೇ, ಸ್ವಲ್ಪ ಮೇಲೆ' ಅಂತ ಬರೆದಿದೀಯ. ಮುದುಕಾ, ನೂರ ನಲವತ್ತೆರಡು ಮೆಟ್ಟಿಲು ಸ್ವಲ್ಪನಾ?

ನಿಕಾನೋರ್: ಮತ್ತಿನ್ನೇನು? ಯಾರು ಕೇಳಿದ್ರೂ ಈ ಊರಲ್ಲಿ ಹಾಗೇ ಅಲ್ವಾ ಹೇಳೋದು?

ಕಾಸಿಲ್ದಾ: ಈ ಊರೋರಿಗೆ ಹೇಳು! ಆ ಹುಡುಗಿ ದೇಶ ಇಸ್ತ್ರಿ ಹಾಕಿದ ಹಾಗೆ ಚಪ್ಪಟೆಯಂತೆ.

ನಿಕಾನೋರ್: ಹಾಗಾದ್ರೆ ಬೆಟ್ಟ ಗುಡ್ಡ ನೋಡಿ ಖುಷಿಪಡ್ತಾಳೆ ಬಿಡು.

ಕಾಸಿಲ್ದಾ: ಹೋದ ಸಲ ಬಂದ ಹುಡುಗನೂ ಖುಷಿಯಾಗೇ ಹತ್ತೋಕೆ ಶುರು ಮಾಡಿದ. ಅರವತ್ತನೇ ಮೆಟ್ಟಿಲಲ್ಲಿ ಏನಾಯ್ತು? ಹೇಳು, ಏನಾಯ್ತು?

ನಿಕಾನೋರ್ ಮೀಸೆ ತಿರುವಿದ. ಆಗಿದ್ದು ಬೀದಿಗೆಲ್ಲ ಗೊತ್ತು. ಅರವತ್ತನೇ ಮೆಟ್ಟಿಲಲ್ಲಿ ದೋನ್ಯಾ ಪ್ರಿಮಿತಿವಾಳ ಬಾಗಿಲಿದೆ. ಇಷ್ಟು ಎತ್ತರದ ಊರಿಗೆ ಹೊಸಬರಾದವರಿಗೆ ಸರಿಯಾಗಿ ಅಲ್ಲಿಗೇ ಉಸಿರು ಕಟ್ಟಿ, ತಲೆ ತಿರುಗಿ, ಕಾಲು ಸೋಲುತ್ತದೆ. ಕೂತವರ ಮೂಗಿನಡಿಗೆ ಪ್ರಿಮಿತಿವಾ ಆ ತಲೆಸುತ್ತಿಗೆ ಮದ್ದಾದ ಕೋಕಾ ಎಲೆಯ ಚಹಾ ಹಿಡಿಯುತ್ತಾಳೆ. "ಇವತ್ತೊಂದಿನ ಇಲ್ಲೇ ಇರು ಮಗು" ಎನ್ನುತ್ತಾಳೆ. ಆ ಒಂದು ದಿನ ಮೂರು ತಿಂಗಳಾಗುತ್ತದೆ. ಹೀಗೆ ಇಬ್ಬರು ಕೈತಪ್ಪಿದ್ದರು.

ಕಾಸಿಲ್ದಾ: ಅವರಿಗೆ ಅಂತ ಹೊಸ ಕಂಬಳಿ ತಂದಿದ್ದು ನಾನು, ಹೊದ್ದು ಮಲಗಿದ್ದು ನೀನು! ಅವಳ ಗೋಡೆ ಮೇಲೆ ಈಗ ಎರಡು ಫೋಟೊ, ಅಡಿಯಲ್ಲಿ 'ಲಾ ಪಾಸ್‌ನ ನಮ್ಮಮ್ಮನಿಗೆ' ಅಂತ ಬರೆದಿದಾರೆ. ಇವಳೂ ಅಲ್ಲೇ ಉಳಿದ್ರೆ ಶಾಲೆಯೋರು ನಮ್ಮ ಹೆಸರೇ ಹೊಡೆದುಹಾಕ್ತಾರೆ. ನನ್ನನ್ನ ಒಬ್ರಾದ್ರೂ ಅಮ್ಮಾ ಅನ್ನಬಾರದಾ?

ಅವಳು ಆ ಕಾಗದದಲ್ಲೇ ಕಣ್ಣೊರೆಸಿಕೊಂಡಳು. ನನಗೂ ಪಾಪ ಅನ್ನಿಸಿತು, ಸುಳ್ಳೇಕೆ ಹೇಳಲಿ.

ನಿಕಾನೋರ್: ಅಳಬೇಡ ಕಣೇ ಮುದುಕೀ. ಏನು ಮಾಡ್ಬೇಕು ಹೇಳು.

ಕಾಸಿಲ್ದಾ: ತಾಲೀಮು. ನೀನೇ ಆ ಹುಡುಗಿ. ಪೆಟ್ಟಿಗೆ ಹಿಡ್ಕೊಂಡು ಕೆಳಗಿಂದ ಹತ್ತು.

ನಿಕಾನೋರ್: ನಾನಾ? ಮೀಸೆ ಇದೆಯಲ್ಲೇ!

ಕಾಸಿಲ್ದಾ: ಮೀಸೆ ಅದರ ಪಾಡಿಗೆ ಇರಲಿ. ನಾನು ಎಡಗಡೆ ಕೊಡೆ ಬಿಡಿಸಿ ಹಿಡ್ಕೊಂಡು ಬರ್ತೀನಿ. ಆ ಪ್ರಿಮಿತಿವಾ ಬಾಗಿಲೇ ಕಾಣಬಾರದು.

ನಿಕಾನೋರ್: ಮಳೆ ಇಲ್ಲ, ಮೋಡ ಇಲ್ಲ, ಕೊಡೆ ಯಾಕೆ ಅಂತ ಹುಡುಗಿ ಕೇಳಿದ್ರೆ?

ಕಾಸಿಲ್ದಾ: ಯಾವ ಭಾಷೇಲಿ ಕೇಳ್ತಾಳೆ? ಕಲಿಯೋಕೆ ತಾನೇ ಬರ್ತಿರೋದು!

ನಿಕಾನೋರ್: ಅದೂ ಸರಿ. ಪೆಟ್ಟಿಗೆಗೆ ಏನು ತುಂಬಲಿ?

ಕಾಸಿಲ್ದಾ: ಆಲೂಗಡ್ಡೆ.

ಇಬ್ಬರೂ ಇಳಿದುಹೋದರು. ಅರ್ಧ ಗಂಟೆಯ ಮೇಲೆ ಕಾಸಿಲ್ದಾ ಒಬ್ಬಳೇ, ಕೊಡೆ ಕಂಕುಳಲ್ಲಿ ಇಟ್ಟುಕೊಂಡು ಬಂದಳು.

ನಾನು: ದೋನ್ ನಿಕಾನೋರ್ ಎಲ್ಲಿ?

ಕಾಸಿಲ್ದಾ: ಅರವತ್ತನೇ ಮೆಟ್ಟಿಲಲ್ಲಿ ಕೂತ. ಕೊಡೆ ಅಡಿಯಿಂದ ಒಂದು ಕೈ ಬಂತು. ಕೈಯಲ್ಲಿ ಲೋಟ.

ಬಾಯಿಗೆ ಬಟ್ಟೆ ತುರುಕಿಕೊಂಡರೂ ನನಗೆ ನಗು ತಡೆಯಲಾಗಲಿಲ್ಲ. ಮತ್ತೆ ಕಾಲು ಗಂಟೆಗೆ ಆ ಮಹಾನುಭಾವ ಮೀಸೆ ಒರೆಸಿಕೊಳ್ಳುತ್ತಾ ಬಂದ.

ಕಾಸಿಲ್ದಾ: ನಾಚಿಕೆ ಆಗಲ್ವಾ ನಿಂಗೆ?

ನಿಕಾನೋರ್: ನೀನೇ ತಾನೇ ಹುಡುಗಿ ಆಗು ಅಂದಿದ್ದು? ಆದೆ. ಅವಳು ಚಹಾಗೆ ಸೋಂಪು ಹಾಕ್ತಾಳೆ ಕಣೇ...

ಕಾಸಿಲ್ದಾ: ಅಲ್ಲೇ ಇದ್ದುಬಿಡು! ಗೋಡೆ ಮೇಲೆ ಮೂರನೇ ಫೋಟೊ ನಿಂದೇ ಹಾಕಿಸ್ಕೋ!

ನನಗೆ ಸುಮ್ಮನಿರಲಾಗಲಿಲ್ಲ. "ಕೆಳಗಿಂದ ಯಾಕೆ ಹತ್ತಿಸ್ತೀರ? ಕೇಬಲ್ ಕಾರ್ ನಿಲ್ದಾಣ ನಮ್ಮ ತಲೆ ಮೇಲೇ ಇದೆ. ಅಲ್ಲಿಂದ ನಲವತ್ತು ಮೆಟ್ಟಿಲು ಇಳಿದ್ರೆ ಮನೆ" ಅಂದುಬಿಟ್ಟೆ.

ಆ ಮನೆಯಲ್ಲಿ ಆ ಮಾತು ಎತ್ತುವಂತಿಲ್ಲ. ಕೇಬಲ್ ಕಾರ್ ಬಂದ ವರ್ಷವೇ ನಿಕಾನೋರನ ಮಿನಿಬಸ್ಸು ಖಾಲಿಯಾಗಿತ್ತು. ಸತ್ತರೂ ಅದರಲ್ಲಿ ಕೂರುವುದಿಲ್ಲ ಎಂದು ಅವನು ಬೀದಿಯ ಮುಂದೆ ಆಣೆ ಹಾಕಿದ್ದ.

ನಿಕಾನೋರ್: ಆ ಡಬ್ಬೀಲಿ ನಾನು ಕೂರಲ್ಲ. ಹಾರ್ನೇ ಇಲ್ಲದ್ದು ಗಾಡಿನಾ? 'ಇಲ್ಲೇ ಇಳೀತೀನಿ' ಅಂದ್ರೆ ನಿಲ್ಲಿಸ್ತಾರಾ?

ಕಾಸಿಲ್ದಾ: ನೀನೂ ನಿಲ್ಲಿಸ್ತಿರಲಿಲ್ಲ.

ನಿಕಾನೋರ್: ಹಳೇ ಡ್ರೈವರ್‌ಗಳು ಯಾರಾದ್ರೂ ನೋಡಿದ್ರೆ ನನ್ನ ಮಾನ ಏನಾಗ್ಬೇಕು?

ಕಾಸಿಲ್ದಾ: ಸರಿ. ಇವತ್ತಿಂದ ಊಟ, ತಿಂಡಿ, ನಿದ್ದೆ ಎಲ್ಲಾ ಅರವತ್ತನೇ ಮೆಟ್ಟಿಲಲ್ಲೇ ಮಾಡ್ಕೋ.

ನಿಕಾನೋರ್ ಟೋಪಿ ಕಣ್ಣಿನವರೆಗೆ ಎಳೆದುಕೊಂಡ. "ಕಣ್ಣು ಮುಚ್ಕೊಂಡು ಕೂರ್ತೀನಿ" ಎಂದು ಗೊಣಗುತ್ತಾ, ಹುಡುಗಿಯನ್ನು ಕರೆತರಲು ನಿಲ್ದಾಣದ ಕಡೆ ಮೇಲಕ್ಕೆ ಹೋದ.

ಇತ್ತ ಕಾಸಿಲ್ದಾ ಫ್ಲಾಸ್ಕಿಗೆ ಚಹಾ ತುಂಬಿದಳು, ಹಾಸಿಗೆಯಲ್ಲಿ ಬಿಸಿನೀರಿನ ಚೀಲ ಇಟ್ಟಳು, ಮೊದಲ ದಿನ ಹೊಟ್ಟೆಗೆ ಭಾರವಾಗದಿರಲೆಂದು ತೆಳು ಸಾರು ಮಾಡಿದಳು. ಹುಡುಗಿಗೆ ಗುರುತು ಸಿಗಲೆಂದು, ಶಾಲೆಗೆ ಕಳಿಸಿದ ಫೋಟೊದಲ್ಲಿದ್ದ ಕಂದು ಟೋಪಿಯನ್ನೇ ತಲೆಗಿಟ್ಟುಕೊಂಡಳು. ಮೂರಕ್ಕೆ ಕಾಲು ಗಂಟೆ ಇದ್ದಾಗ ಎದ್ದು ಕೆಳಗೆ ಹೊರಟಳು.

ನಾನು: ಈಗೆಲ್ಲಿಗೆ ಮಾರಾಯ್ತಿ?

ಕಾಸಿಲ್ದಾ: ಆ ಪ್ರಿಮಿತಿವಾನ ನಂಬೋಕಾಗಲ್ಲ. ಬಾಗಿಲಿಗೆ ಅಡ್ಡ ನಿಂತು ಮಾತಿಗೆ ಎಳೀತೀನಿ.

ನಾನು: ಹುಡುಗಿ ಮೇಲಿಂದ ಬರ್ತಾಳೆ. ಅವಳ ಬಾಗಿಲೇ ಸಿಗಲ್ವಲ್ಲ!

ಕಾಸಿಲ್ದಾ: ನಿಂಗೊತ್ತಿಲ್ಲ. ಅವಳು ಲೋಟ ಹಿಡ್ಕೊಂಡು ಮೇಲಕ್ಕೂ ಬರ್ತಾಳೆ!

ಮೂರು ಹೊಡೆಯುತ್ತಲೇ ಮೇಲಿಂದ ಕಂಬದಷ್ಟು ಉದ್ದದ ಹುಡುಗಿಯೊಬ್ಬಳು ದಡದಡ ಇಳಿದು ಬಂದಳು. ಇಳಿಯುವುದಕ್ಕೇನು, ಯಾರ ಉಸಿರೂ ಕಟ್ಟುವುದಿಲ್ಲ. ಅವಳಿಂದ ಬಹಳ ಹಿಂದೆ, ಎರಡು ಪೆಟ್ಟಿಗೆ ಹೊತ್ತ ನಿಕಾನೋರ್.

ನಿಕಾನೋರ್: ನಿಲ್ಲಮ್ಮಾ! ಮನೆ ಇದೇ! ನಿಲ್ಲು!

ಲೀಸ್‌ಬೆತ್: ಗ್ರಾಸಿಯಾಸ್! ಗ್ರಾಸಿಯಾಸ್!

ಅವಳಿಗೆ ಬರುತ್ತಿದ್ದ ನಾಲ್ಕೈದು ಮಾತಿನಲ್ಲಿ ಧನ್ಯವಾದ ಒಂದು. ನಮ್ಮ ಬಾಗಿಲು ದಾಟಿ ಹಾರಿಕೊಂಡು ಹೋದಳು. ಕೆಳಗೆ ಅವಳಿಗೆ ಫೋಟೊದ ಕಂದು ಟೋಪಿ ಕಂಡಿತ್ತು! ನಾನೂ ಕತ್ತರಿ ಬಿಸಾಡಿ ಹಿಂದೆ ಓಡಿದೆ. ನಾನು ಮುಟ್ಟುವ ಹೊತ್ತಿಗೆ, ಪ್ರಿಮಿತಿವಾಳ ಬಾಗಿಲ ಮುಂದೆಯೇ, ಹುಡುಗಿ ಕಾಸಿಲ್ದಾಳನ್ನು ಬಾಚಿ ತಬ್ಬಿಕೊಂಡಿದ್ದಳು.

ಲೀಸ್‌ಬೆತ್: ಫೋಟೊ! ಅಮ್ಮಾ! ಅಮ್ಮಾ!

ಕಾಸಿಲ್ದಾಳ ಕಣ್ಣಲ್ಲಿ ನೀರು ಸುರಿಯಿತು. ತಾನು ಎಲ್ಲಿ ನಿಂತಿದ್ದೇನೆ ಎಂಬುದು ಅವಳಿಗೆ ಅರಿವಾಗುವಷ್ಟರಲ್ಲಿ ಹುಡುಗಿ ಮೇಲಕ್ಕೆ ತಿರುಗಿ ಮೂರು ಮೆಟ್ಟಿಲು ಹತ್ತಿ, ಎದೆ ಹಿಡಿದುಕೊಂಡು ಕೂತಾಗಿತ್ತು.

ಪ್ರಿಮಿತಿವಾ: ಅಯ್ಯೋ ಪಾಪ ಮಗು! ಚಹಾ ತರ್ಲಾ? ಸೋಂಪು ಹಾಕಿದೀನಿ.

ಕಾಸಿಲ್ದಾ: ಬೇಡ!

ನಿಕಾನೋರ್: (ಏದುಸಿರು ಬಿಡುತ್ತಾ) ಮರ್ಯಾದೆ ಬಿಟ್ಟು ಡಬ್ಬೀಲಿ ಕೂತು ಮನೆ ಬಾಗಿಲವರೆಗೂ ತಂದೆ. ನೀನ್ಯಾಕೆ ಮುದುಕೀ ಇಲ್ಲಿ ನಿಂತಿದೀಯ?

ಹುಡುಗಿ ಜೇಬಿನಿಂದ ಪಾಠದ ಪುಸ್ತಕ ತೆಗೆದು, ಒಂದು ಸಾಲಿನ ಮೇಲೆ ಬೆರಳಿಟ್ಟು ಓದಿದಳು.

ಲೀಸ್‌ಬೆತ್: ಮನೆ... ಎಷ್ಟು... ದೂರ?

ಎಲ್ಲರೂ ಕಾಸಿಲ್ದಾಳ ಮುಖ ನೋಡಿದೆವು. ಅವಳು ಪ್ರಿಮಿತಿವಾಳ ಕೈಯಲ್ಲಿ ಹೊಗೆಯಾಡುತ್ತಿದ್ದ ಲೋಟ ನೋಡಿದಳು. ತಲೆಯೆತ್ತಿ ಉಳಿದ ಮೆಟ್ಟಿಲು ನೋಡಿದಳು. ಗಂಡನ ಮುಖ ಮಾತ್ರ ನೋಡಲಿಲ್ಲ. ಟೋಪಿ ಸರಿಮಾಡಿಕೊಂಡು ಹುಡುಗಿಯ ಕೈ ಹಿಡಿದು ಎಬ್ಬಿಸಿದಳು.

ಕಾಸಿಲ್ದಾ: ಇಲ್ಲೇ ಮಗಳೇ, ಸ್ವಲ್ಪ ಮೇಲೆ.