ದುಡಿಯೂ ಕೈ ಒಲ್ಲೆನ್ನೂ ಮಷೀನು

ಹೊಸಾ ಮಷೀನು ತಂದು ಇಡೂ ಕೆಲಸಾ ಮಾಡಾವರ ಬಾಳೇದಾಗ ಇಂಥಾವು ನಡಕೋಂತನ ಇರ್ತಾವು. ಮಷೀನು ಕೆಟ್ಟರ ರಿಪೇರಿ ಮಾಡಬಹುದು. ಮಂದಿ ಅದಕ್ಕ ತಮ್ಮದೊಂದು ಅರ್ಥಾ ಹಚ್ಚಿದ್ರಂದ್ರ ಮುಗೀತು, ಅದನ್ನ ರಿಪೇರಿ ಮಾಡೂ ಇಂಜಿನಿಯರ ಇನ್ನೂ ಹುಟ್ಟಿಲ್ಲ.

ಎರಡು ಸಾವಿರದ ಇಸವಿ ಆಚೀಚಿನ ಮಾತು. ನಾನು ಹುಕ್ಕೇರಿಯಾವ, ಬೆಳಗಾವಿಯ ಒಂದು ಸಣ್ಣ ಕಂಪನಿಯೊಳಗ ಕೆಲಸಕ್ಕಿದ್ದೆ. ನಾವು ಮಾಡ್ತಿದ್ದದ್ದು ಆಳೆತ್ತರದ ಒಂದು ಡಬ್ಬಿ. ಅದರ ಎದಿಗೆ ಗಾಜಿನ ಪರದೆ, ಒಳಗೊಂದು ಬ್ರೌಸರ್. ಕೀಬೋರ್ಡ್ ಇಲ್ಲ, ಮೌಸ್ ಇಲ್ಲ. ಪರದೆ ಮ್ಯಾಲಿನ ದೊಡ್ಡ ಬಟನ್ನಿಗೆ ಕೈಬಟ್ಟ ಹಚ್ಚಿದರ ಸಾಕು, ಬೆಲ್ಲದ ದರಾ, ಗೊಬ್ಬರದ ಸ್ಟಾಕು, ಮಳಿ ಸುದ್ದಿ, ಬೇಕಾದ ಪುಟ ತಗೀತಿತ್ತು. ಮೂಡಲಗಿ ಕಡೆ ಒಂದು ರೈತರ ಸೊಸಾಯಿಟಿಯೊಳಗ ಅದನ್ನ ನಿಲ್ಲಿಸಿ, ಮಂದಿಗೆ ರೂಢಿ ಆಗೂತನಕ ಬಾಜೂಕ ನಿಲ್ಲೂದು ನನ್ನ ಪಾಲಿಗೆ ಬಂತು.

ಅದೇ ವ್ಯಾಳ್ಯಾದಾಗ ಮನ್ಯಾಗ ನನಗ ಕನ್ಯಾ ನೋಡಾಕತ್ತಿದ್ದರು. ಮಸಗುಪ್ಪಿಯ ಒಂದು ಒಕ್ಕಲುತನದ ಮನಿ. ಹುಡುಗಿ ನನಗ ಭಾಳ ಮನಸಿಗೆ ಬಂದಿದ್ದಳು, ಮುಚ್ಚಿಟ್ಟು ಏನ್ ಮಾಡೂದೈತಿ? ಆದರ ಆಕಿ ಅಪ್ಪಂದು ಒಂದೇ ಪ್ರಶ್ನೆ: "ಹುಡುಗ ಮಾಡೂ ಕೆಲಸಾ ಏನ್ರಿ?" ನಮ್ಮವ್ವ ಇದ್ದದ್ದು ಇದ್ದಂಗ ಹೇಳಿದಳು: "ಗಾಜಿಗೆ ಬಟ್ಟ ಹಚ್ಚತಾನ್ರಿ." ಅವರು "ವಿಚಾರ ಮಾಡಿ ಹೇಳ್ತೀವ್ರಿ" ಅಂತ ಚಾ ಅರ್ಧಕ್ಕ ಬಿಟ್ಟು ಎದ್ದು ಹೋದ್ರು.

ಒಳಗ ಯಾರರ ಅದಾರೇನು?

ಮದಲನೇ ದಿನ ಬೆಲ್ಲದ ಗಾಣದಾವ ಒಬ್ಬ ಬಂದ. "ಬಟ್ಟ ಹಚ್ಚರಿ ಕಾಕಾ" ಅಂದೆ. ಹಚ್ಚಿದ. ಏನೂ ಆಗಲಿಲ್ಲ. ಜೋರಾಗಿ ಒತ್ತಿದ. ಆಗಲೂ ಇಲ್ಲ. ಕಡೀಕ ಬಟ್ಟ ಮಡಚಿ ಟಕ್ ಟಕ್ ಅಂತ ಬಡದು, ಗಾಜಿಗೆ ಕಿವಿ ಹಚ್ಚಿ ಕೇಳಿದ.

"ಒಳಗ ಯಾರರ ಅದಾರೋ, ಊಟಕ್ಕ ಹೋಗ್ಯಾರೋ?"

ಕಿವಿ ತಾಗಿದ್ದ ತಡ, ಪುಟ ತಗೀತು. ನಾನು ಬಾಯಿ ತಗದು ನಿಂತೆ. ಗಾಣದ ಕಾಕಾಗ ಒಂಚೂರೂ ಆಶ್ಚರ್ಯ ಆಗಲಿಲ್ಲ.

"ಹಾಂ, ತಗದ ನೋಡ್ರಿ. ಒಬ್ಬನ ಇರಬೇಕು ಒಳಗ, ಪಾಪ."

ಮೂಗಿನ ಪಾಳಿ

ಕಂಪನಿಗೆ ಫೋನ್ ಹಚ್ಚಿದೆ. ಆ ಗಾಜು ಮೈಯಾಗಿನ ಸಣ್ಣ ಕರೆಂಟಿನ ಮ್ಯಾಲ ಕೆಲಸಾ ಮಾಡ್ತೈತಿ, ಕೈ ದಡ್ಡುಗಟ್ಟಿ ಒಣಗಿತ್ತಂದ್ರ ಅದಕ್ಕ ಗೊತ್ತ ಆಗಂಗಿಲ್ಲ ಅಂದ್ರು. "ಮೆತ್ತನ ಕೈಯಾವರ ಕಡಿಂದ ಮುಟ್ಟಸ್ರಿ" ಅಂತ ಉಪದೇಶಾನೂ ಕೊಟ್ರು. ರೈತರ ಸೊಸಾಯಿಟಿಯೊಳಗ ಮೆತ್ತನ ಕೈ ಎಲ್ಲಿಂದ ತರೂದು?

ದಾರಿ ತೋರಿಸಿದಾವ ಒಬ್ಬ ಕುರುಬರ ಅಜ್ಜ. ಹೆಗಲ ಮ್ಯಾಲಿನ ಕಂಬಳಿ ಸರಿಮಾಡಿಕೊಂಡು, "ಕುರಿ ಎಲ್ಲಾನೂ ಮೂಸೇ ತಿಳಕೋತಾವ ತಮ್ಮಾ" ಅಂದು, ಬಗ್ಗಿ ಬಟನ್ನಿಗೆ ಮೂಗು ಹಚ್ಚಿದ. ತಗೀತು. ಆವತ್ತಿನಿಂದ ಎಲ್ಲಾರೂ ಮೂಗಿಲೇ ಚಾಲೂ ಮಾಡಿದ್ರು. ಪಾಳಿ ಹಚ್ಚಿ, ಒಬ್ಬೊಬ್ಬರ ಬಂದು, ತಲಿ ಬಾಗಿಸಿ ದರಾ ನೋಡಿ ಹೋಗಾಕತ್ತಿದ್ರು. ದಾರಿ ಹಿಡಿದು ಹೊಂಟಿದ್ದ ಮುದುಕಿ ಒಬ್ಬಾಕಿ ಇದನ್ನ ನೋಡಿ, ಚಪ್ಪಲಿ ಬಾಗಲದಾಗ ಬಿಟ್ಟು, ಸೆರಗು ಹೊದ್ದುಕೊಂಡು ತಾನೂ ಪಾಳಿಗೆ ನಿಂತಳು.

ಸೊಸಾಯಿಟಿ ಸೆಕ್ರೆಟರಿ ದಿನಾ ಗಾಜು ಒರಸಿ ಒರಸಿ ಬ್ಯಾಸತ್ತು, ಒಂದು ಬೋರ್ಡ್ ಬರಿಸಿ ತೂಗುಹಾಕಿದ್ರು: "ಮೂಗಿಗೆ ತಪಕೀರ ಏರಿಸುವವರು ದೂರದಿಂದ ನೋಡಬೇಕು."

ಅಧ್ಯಕ್ಷರ ಭಾಷಣ

ಮುಂದ ಉದ್ಘಾಟನಾ ಇಟ್ಟರು. ಸೊಸಾಯಿಟಿ ಅಧ್ಯಕ್ಷರು ಬಿಳೇ ಜುಬ್ಬಾ ಹಾಕ್ಕೊಂಡು ಬಂದು, ಎರಡೂ ಕೈ ಮ್ಯಾಲ ಎತ್ತಿ ತೋರಿಸಿ ಭಾಷಣಾ ಬಿಗದ್ರು. "ಇವು ಖುರ್ಚಿ ಹಿಡದ ಕೈ ಅಲ್ಲರಪಾ, ನೇಗಿಲಾ ಹಿಡದ ಕೈ! ಇವತ್ತಿಗೂ ನಸುಕಿನ್ಯಾಗ ಎದ್ದು ಹೊಲಕ್ಕ ಹೋಗಾವ ನಾನು!" ಚಪ್ಪಾಳಿ ಬಿದ್ದವು. ಅದೇ ಕೈಲೆ ಬಂದು ಗಾಜು ಮುಟ್ಟಿದ್ರು.

ಇಷ್ಟು ದಿನಾ ಯಾವ ರೈತನ ಬಟ್ಟಿಗೂ ಒಲಿಯದ ಮಷೀನು ಫಟ್ ಅಂತ ತಗೀತು. ಒಂದಾದ ಮ್ಯಾಲೊಂದು ನಾಕೈದು ಪುಟ ಹಾರಿದ್ವು. ಹಿಂದಿನ ಸಾಲಿನ್ಯಾಗಿಂದ ಗಾಣದ ಕಾಕಾ ಶಾಂತ ದನಿಲೆ ಹೇಳಿದ: "ನೇಗಿಲಾ ಹಿಡದ ಕೈಯಾದ್ರ ತಗಿಯಂಗಿಲ್ಲರಿ ಅದು."

ಮರುದಿನದಿಂದ ಅಧ್ಯಕ್ಷರು ಸೊಸಾಯಿಟಿಗೆ ಬರೂಮುಂದ ಬಟ್ಟಿಗೆ ಅರಬಿ ಪಟ್ಟಿ ಕಟಗೊಂಡು ಬರಾಕ ಸುರು ಮಾಡಿದ್ರು. ಯಾರರ ಕೇಳಿದ್ರ, "ಹೊಲದಾಗ ಕುಡಗೋಲು ತಾಗೇತಿ" ಅಂತಿದ್ರು. ಗಾಯ ಮಾತ್ರ ಒಮ್ಮೆ ಬಲಗೈಗೆ, ಒಮ್ಮೆ ಎಡಗೈಗೆ ಇರ್ತಿತ್ತು.

ಪರೀಕ್ಷಾ ಕೇಂದ್ರ

ಸುದ್ದಿ ಸುತ್ತ ಹಳ್ಳಿಗೆಲ್ಲಾ ಹಬ್ಬಿತು. ದುಡಿಯಾವರಿಗೆ ತಗಿಯಂಗಿಲ್ಲ, ಕುಂತು ಉಣ್ಣಾವರಿಗೆ ತಗೀತೈತಿ. ಬೆಲ್ಲದ ದರಾ ಯಾರಿಗೆ ಬೇಕಾಗಿತ್ತು?

ಒಬ್ಬಾಕಿ ತಾಯಿ ಎತ್ತರದ ಮಗನ್ನ ರಟ್ಟಿ ಹಿಡದು ಎಳಕೊಂಡು ಬಂದಳು. "ದಿನಾ ಹೊಲಕ್ಕ ಹೋಗ್ತೀನಿ ಅಂತ ಬುತ್ತಿ ಕಟ್ಟಿಸಿಕೊಂಡು ಹೋಗ್ತಾನ್ರಿ. ಮುಟ್ಟೋ ಬಾಡ್ಯಾ!" ಅವ ಮುಟ್ಟಿದ. ತಗೀತು. ಆಕಿ ಅಲ್ಲೇ ಚಪ್ಪಲಿ ತಗದಳು.

ಪ್ಯಾಟಿಯ ಜೈನ ವ್ಯಾಪಾರಿ ಕಾಕಾ ಒಬ್ಬರು ಮಾತ್ರ ಮರ್ಯಾದಿ ಉಳಿಸಿಕೊಂಡ್ರು. ಹೊಸ್ತಿಲಾ ದಾಟದ ಹೊರಗಿನಿಂದನ ಕೂಗಿ ಕೇಳಾವರು: "ಇಂದಿನ ದರಾ ಎಷ್ಟರಪಾ? ನಮ್ಮದು ತಕ್ಕಡಿ ಹಿಡಿಯೂ ಕೈ. ಒಳಗ ಬಂದು ಉಸಾಬರಿ ಯಾಕ?"

ಮಸಗುಪ್ಪಿಯವರು

ಹಿಂಗ ನಗಾಕತ್ತಿದ್ದ ನಾನು ಒಂದು ಸಂತಿ ದಿನ ಬಾಗಲಾ ಕಡೆ ನೋಡಿದೆ. ಮಸಗುಪ್ಪಿಯ ಹುಡುಗಿಯ ಅಪ್ಪಾರು ನಿಂತಿದ್ರು. ಬಾಜೂಕ ಅವರ ಹೆಂಡ್ತಿ, ಹಿಂದ ತಲಿ ತಗ್ಗಿಸಿಕೊಂಡು ಹುಡುಗಿ.

"ದರಾ ನೋಡಾಕ ಬಂದ್ರೇನ್ರಿ?" ಅಂದೆ.

"ದರಾನೂ ನೋಡೂದೈತಿ, ನಿಮ್ಮನ್ನೂ ನೋಡೂದೈತಿ ತಮ್ಮಾ" ಅಂದ್ರು. "ಮಂದಿ ಈ ಮಷೀನಿನ ಬಗ್ಗೆ ಏನೇನೋ ಹೇಳ್ತಾರ. ಎಲ್ಲಿ, ನೀವ ಒಂದ ಸಲ ಬಟ್ಟ ಹಚ್ಚರಿ, ನೋಡೂಣು."

ಸಂತಿಗೆ ಬಂದ ಮಂದಿ ಎಲ್ಲಾ ಒಳಗ ಬಂದು ಸುತ್ತ ನಿಂತಿತು. ನನ್ನ ಪರಿಸ್ಥಿತಿ ನೀವ ವಿಚಾರ ಮಾಡ್ರಿ. ಪುಟ ತಗೀತಂದ್ರ ನಾನು ಮೈಗಳ್ಳ. ತಗೀಲಿಲ್ಲಂದ್ರ ಮಷೀನು ನಡಸಾಕ ಬರದ ಇಂಜಿನಿಯರ. ಹ್ಯಾಂಗ ಆದರೂ ಕನ್ಯಾ ಕೈ ಬಿಟ್ಟಂಗ. ಗಾಜಿನ ಕರೆಂಟು, ಒಣಾ ತೊಗಲು ಅಂತ ಹೇಳಾಕ ಹೋದೆ. "ಅದೆಲ್ಲಾ ಆಮ್ಯಾಲ ಹೇಳ್ರಿ, ಮದಲ ಹಚ್ಚರಿ" ಅಂದ್ರು.

ಮನ್ಯಾಗಿನ ದೇವರನ್ನ ನೆನಸಿ ಹಚ್ಚಿದೆ. ನನ್ನ ಬಟ್ಟ ಸರಿಯಾಗಿ ತಾಗಿತ್ತೋ ಇಲ್ಲೋ, ಬೆಲ್ಲದ ದರದ ಪುಟ ಪೂರಾ ತಗದು ನಿಂತಿತು. ಅಧ್ಯಕ್ಷರಿಗೂ ಅಷ್ಟು ಲಗೂನ ತಗದಿರಲಿಲ್ಲ.

"ಆತು ಬಿಡ್ರಿ" ಅಂದ ಯಾರೋ. ಮಂದಿ ಬಿದ್ದು ಬಿದ್ದು ನಕ್ಕಿತು. ಅಪ್ಪಾರು ನಗಲಿಲ್ಲ. ರುಮಾಲು ತಗದು ಮಾರಿ ಒರಸಿಕೊಂಡು, "ಹುಡುಗ ಚಲೋ ಅದಾನ, ಖರೆ..." ಅಂತ ಹೆಂಡ್ತಿ ಕಡೆ ನೋಡಿದ್ರು. ಆ "ಖರೆ" ಅನ್ನೂದರ ಮುಂದ ಏನು ಬರ್ತೈತಿ ಅಂತ ನನಗ ಗೊತ್ತಿತ್ತು.

ಆವಾಗ ಹುಡುಗಿ ಮುಂದ ಬಂದಳು. ಯಾರನ್ನೂ ಕೇಳಲಿಲ್ಲ. ಇನ್ನೊಂದು ಬಟನ್ನಿಗೆ ಬಟ್ಟ ಹಚ್ಚಿದಳು. ಏನೂ ಆಗಲಿಲ್ಲ. ಇನ್ನೊಂದು ಬಟ್ಟ ಹಚ್ಚಿದಳು. ಆಗಲಿಲ್ಲ. ದಿನಾ ಹಿಂಡೂ ಎಮ್ಮಿ, ಬಡಿಯೂ ರೊಟ್ಟಿ, ತಗಿಯೂ ಕಸಾ, ಎಲ್ಲಾ ಆ ಕೈಯಾಗಿತ್ತು. ತಿರುಗಿ ಅಪ್ಪನ ಮಾರಿ ನೋಡಿದಳು.

"ಅಪ್ಪಾ, ನನಗೂ ತಗಿಯಂಗಿಲ್ಲ. ನಿನಗೂ ತಗಿಯಂಗಿಲ್ಲ, ಅವ್ವಗೂ ತಗಿಯಂಗಿಲ್ಲ. ದುಡಿಯೂ ಮಂದಿ ನಮ್ಮನ್ಯಾಗ ಬೇಕಾದಷ್ಟು ಅದೀವಿ. ದರಾ ನೋಡಾಕ ಒಬ್ಬ ಮೈಗಳ್ಳ ಬ್ಯಾಡೇನು?"

ಅಪ್ಪಾರು ಮಗಳನ್ನ ನೋಡಿದ್ರು, ಗಾಜು ನೋಡಿದ್ರು, ಕಡೀಕ ನನ್ನ ಕಡೆ ತಿರುಗಿ ಗಂಟಲಾ ಸರಿಮಾಡಿಕೊಂಡ್ರು.

"ದರಾ ಓದ್ರಿ ಅಳಿಯಂದ್ರ."