ಡಿಗ್ರಿಯಿಲ್ಲದೆ ಹಾರುವವರ ಅರ್ಜಿಗೆ ಸಹಿ ಮಾಡುವ ಕುರಿತು

ಮನೆವಾರ್ತೆ ಇಲಾಖೆ
(ಪದವಿ ಮತ್ತು ಮರ್ಯಾದೆ ಶಾಖೆ)
ಪದ್ಮನಾಭನಗರ, ಬೆಂಗಳೂರು-70

ಸಂಖ್ಯೆ: ಮವಾಇ/ಪಮಶಾ/11/2024-25
ದಿನಾಂಕ: 07-06-2024, ಶುಕ್ರವಾರ

ಸುತ್ತೋಲೆ

ವಿಷಯ: ಕು. ಸ್ಪಂದನಾ ಅವರು ಬಿ.ಇ., ಬಿ.ಎಸ್ಸಿ. ಇತ್ಯಾದಿ ಏನೂ ಮಾಡದೆ ನೇರವಾಗಿ ವಿಮಾನ ಹಾರಿಸುವ ಬಗ್ಗೆ.

ಉಲ್ಲೇಖ: 1) ಸ್ಪಂದನಾ ಅವರ ಫ್ಲೈಯಿಂಗ್ ಸ್ಕೂಲ್ ಅರ್ಜಿ (ಹನ್ನೊಂದು ದಿನಗಳಿಂದ ಫ್ರಿಜ್ ಮೇಲೆ ಬಾಕಿ).
2) ಶ್ರೀಮತಿ ಗಿರಿಜಾದೇವಿಯವರ ಮೌಖಿಕ ಜ್ಞಾಪನ: “ರೀ, ಸೈನ್ ಹಾಕ್ತೀರೋ ಇಲ್ವೋ?”

ಅರ್ಜಿದಾರರಿಗೆ ಇನ್ನೂ ಹದಿನೇಳೇ ವರ್ಷವಾದ್ದರಿಂದ ಅರ್ಜಿಗೆ ತಂದೆಯ ಸಹಿ ಕಡ್ಡಾಯವಾಗಿದ್ದು, ಇಂದೇ ಕೊನೆಯ ದಿನವಾಗಿರುತ್ತದೆ. ತಂದೆಯವರಾದ ಶಂಭುಲಿಂಗಪ್ಪನವರು (ಕೆಳಸಹಿದಾರರು) “ಮೊದ್ಲು ಒಂದು ಡಿಗ್ರಿ ಮುಗ್ಸು, ಆಮೇಲೆ ಎಲ್ಲಿಗಾದ್ರೂ ಹಾರು” ಎಂದು ಪಟ್ಟು ಹಿಡಿದಿದ್ದು, ಮಗಳು “ಅಪ್ಪಾ, ಪೈಲಟ್ ಲೈಸೆನ್ಸ್‌ಗೆ ಪಿಯುಸಿಲಿ ಫಿಸಿಕ್ಸು, ಮ್ಯಾಥ್ಸು ಇದ್ರೆ ಸಾಕು” ಎಂದು ವಾದಿಸಿರುತ್ತಾರೆ. ನಿಯಮಗಳನ್ನು ಕನ್ನಡಕ ಬದಲಿಸಿ ಎರಡು ಬಾರಿ ಪರಿಶೀಲಿಸಲಾಗಿ, ದುರದೃಷ್ಟವಶಾತ್ ಮಗಳ ಮಾತೇ ಸರಿಯೆಂದು ಕಂಡುಬಂದಿದೆ. ಆದಕಾರಣ ಮನೆಯವರೆಲ್ಲರೂ ಕೆಳಕಂಡಂತೆ ನಡೆದುಕೊಳ್ಳತಕ್ಕದ್ದು:

1. ಮುಂದೆಂದಾದರೂ ಅಚ್ಚಾಗುವ ಲಗ್ನಪತ್ರಿಕೆಯಲ್ಲಿ ಸ್ಪಂದನಾ ಅವರ ಹೆಸರಿನ ಮುಂದೆ ಡಿಗ್ರಿಗಾಗಿ ಬಿಡುವ ಜಾಗವನ್ನು ಖಾಲಿ ಹುದ್ದೆಯೆಂದು ಪರಿಗಣಿಸುವುದು. ಸದರಿ ಹುದ್ದೆಗೆ ದೊಡ್ಡಪ್ಪಂದಿರು ಅಭ್ಯರ್ಥಿಗಳನ್ನು ಸೂಚಿಸುವಂತಿಲ್ಲ.

2. ಗೃಹಪ್ರವೇಶ, ನಾಮಕರಣಗಳಲ್ಲಿ “ಮಗಳು ಏನ್ ಓದ್ತಿದಾಳೆ?” ಎಂದು ಯಾರಾದರೂ ಕೇಳಿದಲ್ಲಿ, ಮಾತನಾಡದೆ ಆಕಾಶವನ್ನು ತೋರಿಸುವುದು. ಛಾವಣಿ ಇದ್ದಲ್ಲಿ ಹೊರಗೆ ಕರೆದೊಯ್ದು ತೋರಿಸುವುದು.

3. ಉತ್ತರಹಳ್ಳಿಯ ಸೋದರತ್ತೆ ಶಂಕ್ರವ್ವನವರು “ಡಿಗ್ರಿ ಇಲ್ದೋರು ಓಡ್ಸೋ ಪ್ಲೇನಲ್ಲಿ ನಾನಂತೂ ಕೂರಲ್ಲಪ್ಪ” ಎಂದು ಆಕ್ಷೇಪಿಸಿದ್ದಾರೆ. ಅವರು ಇದುವರೆಗೆ ಯಾವ ಆಟೋದವರ ಅಂಕಪಟ್ಟಿಯನ್ನೂ ಕೇಳಿದ ದಾಖಲೆ ಇಲ್ಲದಿರುವುದರಿಂದ ಆಕ್ಷೇಪಣೆ ವಜಾ.

4. ಕೆಳಸಹಿದಾರರು ಬಿ.ಎಸ್ಸಿ., ಎಂ.ಎ., ಎಲ್.ಎಲ್.ಬಿ. ಪದವೀಧರರಾಗಿದ್ದಾಗ್ಯೂ, ಕಾರನ್ನು ರಿವರ್ಸ್ ತೆಗೆಯುವಾಗ ಪಕ್ಕದ ಮನೆ ಸೇತುರಾಮರ ಎರಡು ಹೂಕುಂಡಗಳನ್ನು ಒಡೆದಿರುತ್ತಾರೆ. ಮೂರನೆಯದು ಉಳಿದದ್ದು ಸ್ಪಂದನಾ ಹಿಂದೆ ನಿಂತು “ಲೆಫ್ಟು, ಅಪ್ಪಾ, ಲೆಫ್ಟು!” ಎಂದು ಕೂಗಿದ್ದರಿಂದ. ಮೂರು ಪದವಿಗಳಲ್ಲಿ ಒಂದೂ ಆ ಹೊತ್ತಿಗೆ ಸಹಾಯಕ್ಕೆ ಬಂದಿರುವುದಿಲ್ಲ.

5. ಹನ್ನೊಂದು ದಿನಗಳ ವಿಳಂಬಕ್ಕೆ ಗಿರಿಜಾದೇವಿಯವರು ಕಾರಣ ಕೇಳಿ ನೋಟಿಸ್ ನೀಡಿದ್ದು, ಕೆಳಸಹಿದಾರರು ಕೊನೆಗೂ ನಿಜ ಒಪ್ಪಿಕೊಂಡಿದ್ದಾರೆ. ಡಿಗ್ರಿ ಬರೀ ನೆಪವಾಗಿರುತ್ತದೆ. ಮಗಳು ಒಬ್ಬಳೇ ಅಷ್ಟು ಎತ್ತರಕ್ಕೆ ಹೋಗುವುದನ್ನು ನೆನೆದರೆ ಅವರಿಗೆ ಹೆದರಿಕೆಯಾಗುತ್ತದೆ. ಅಪ್ಪನ ಹೆದರಿಕೆ ಇಳಿಯುವವರೆಗೆ ಮಗಳು ಕಾಯಬೇಕೆಂಬ ನಿಯಮವನ್ನು ಹುಡುಕಲಾಗಿ, ಎಲ್ಲೂ ಸಿಕ್ಕಿರುವುದಿಲ್ಲ.

6. ಆದ್ದರಿಂದ ಇಂದು ಬೆಳಿಗ್ಗೆ 10.20ಕ್ಕೆ, ರಾಹುಕಾಲಕ್ಕೆ ಹತ್ತು ನಿಮಿಷ ಮೊದಲು, ಅರ್ಜಿಗೆ ಸಹಿ ಹಾಕಲಾಗಿದೆ.

ಸಹಿ/-
(ಶಂಭುಲಿಂಗಪ್ಪ)
ತಂದೆ ಹಾಗೂ ಪದನಿಮಿತ್ತ ಮುಖ್ಯಸ್ಥರು

ಪ್ರತಿಗಳು:
1. ಕು. ಸ್ಪಂದನಾ: ಅರ್ಜಿಯೊಂದಿಗೆ ತಕ್ಷಣ ಓಡಲು.
2. ಶ್ರೀಮತಿ ಗಿರಿಜಾದೇವಿ: ಪಾಯಸದ ಬಗ್ಗೆ ಅಗತ್ಯ ಕ್ರಮಕ್ಕಾಗಿ.
3. ಶಂಕ್ರವ್ವ, ಉತ್ತರಹಳ್ಳಿ: ಕಿಟಕಿ ಪಕ್ಕದ ಸೀಟು ಕೇಳಿ ಈಗಾಗಲೇ ಫೋನ್ ಮಾಡಿರುವುದರಿಂದ, ಮಾಹಿತಿಗಾಗಿ.
4. ಫ್ಲೈಯಿಂಗ್ ಸ್ಕೂಲ್‌ನ ಮುಖ್ಯಸ್ಥರು: ತಂದೆಯ ಸಹಿ ಉಳಿದ ದಾಖಲೆಗಳ ಸಹಿಗೆ ಹೊಂದುತ್ತಿಲ್ಲ. ಕಣ್ಣು ಮುಚ್ಚಿಕೊಂಡು ಹಾಕಿರುತ್ತಾರೆ. ಸಹಿ ಅವರದೇ.